ಕೆಡವುವುದಕ್ಕೆಂದೇ ಕಟ್ಟಿದ ಊರುಗಳು: ಸಿನಿಮಾ ಸೆಟ್ಟಿನ ವಾಸ್ತುಶಿಲ್ಪ

ವಾಸ್ತುಶಿಲ್ಪದ ಚರಿತ್ರೆ ಬಹುಮಟ್ಟಿಗೆ ಉಳಿದುಕೊಂಡ ಕಟ್ಟಡಗಳ ಚರಿತ್ರೆಯಾಗಿದೆ. ಕಲ್ಲಿನಲ್ಲೋ ಇಟ್ಟಿಗೆಯಲ್ಲೋ ಕಾಂಕ್ರೀಟಿನಲ್ಲೋ ನಿಂತದ್ದನ್ನು ಅಳೆದು, ನಕ್ಷೆ ಬರೆದು, ಅದರ ಕಾಲವನ್ನು ನಿರ್ಣಯಿಸುವುದು ಆ ಶಾಸ್ತ್ರದ ಹಳೆಯ ರೂಢಿ. ಆದರೆ 20ನೆಯ ಶತಮಾನದಲ್ಲಿ ಇನ್ನೊಂದು ಬಗೆಯ ಕಟ್ಟೋಣವೂ ಬೆಳೆಯಿತು. ಕೆಲವು ವಾರ ಅಥವಾ ತಿಂಗಳುಗಳ ಮಟ್ಟಿಗೆ ಎದ್ದು, ಕ್ಯಾಮೆರಾದ ಮುಂದೆ ನಿಂತು, ಕೆಲಸ ಮುಗಿದೊಡನೆ ನೆಲಸಮವಾಗುವ ಸಿನಿಮಾ ಸೆಟ್ ಎಂಬುದು ಮರದ ಚೌಕಟ್ಟು, ಗೋಣಿಬಟ್ಟೆ, ಗಾರೆ ಮತ್ತು ಬಣ್ಣಗಳಿಂದಾದ ರಚನೆಯಾಗಿದ್ದು, ಅದಕ್ಕೆ ಮಳೆಗಾಲಗಳನ್ನು ತಾಳಿಕೊಳ್ಳುವ ಹೊಣೆಯಾಗಲಿ, ಒಳಗೆ ಸಂಸಾರ ಹೂಡುವವರ ದೂರುಗಳಿಗೆ ಉತ್ತರಿಸುವ ಹೊಣೆಯಾಗಲಿ ಇರುವುದಿಲ್ಲ. ಈ ಬಿಡುಗಡೆಯ ಕಾರಣದಿಂದಲೇ ಒಂದು ಕಾಲದ ವಾಸ್ತುಶಿಲ್ಪಿಗಳು ಕಟ್ಟಲು ಬಯಸಿಯೂ ಕಟ್ಟಲಾಗದೆ ಉಳಿದದ್ದು, ಕಟ್ಟಿದ್ದರ ಬಗ್ಗೆ ಜನರಿಗಿದ್ದ ಅಂಜಿಕೆ, ಎರಡೂ ಸೆಟ್ಟುಗಳಲ್ಲಿ ನಿಚ್ಚಳವಾಗಿ ಕಾಣಿಸಿಕೊಂಡವು.

ಆರಂಭದಲ್ಲಿ ಸಿನಿಮಾಕ್ಕೆ ನಾಟಕದ ಪರದೆಯೇ ಸಾಕಾಗಿತ್ತು. ಪ್ಯಾರಿಸ್ ಬಳಿಯ ಮೋಂತ್ರೆಯ್‌ನಲ್ಲಿ ಜಾರ್ಜ್ ಮೆಲಿಯೆಸ್ 1897ರಲ್ಲಿ ಕಟ್ಟಿಸಿದ ಗಾಜಿನ ಸ್ಟುಡಿಯೋದೊಳಗೆ ಅರಮನೆ, ಗುಹೆ, ಚಂದ್ರಲೋಕಗಳೆಲ್ಲ ಬಟ್ಟೆಯ ಮೇಲೆ ಬರೆದ ಚಿತ್ರಗಳಾಗಿದ್ದವು. ಕ್ಯಾಮೆರಾ ಒಂದೇ ಕಡೆ ನಿಂತಿರುವವರೆಗೆ ಈ ಮೋಸ ನಡೆಯುತ್ತದೆ. ಅದು ಪಕ್ಕಕ್ಕೆ ಸರಿದ ಕ್ಷಣದಲ್ಲಿ ಮುಂದಿನ ಕಂಬವೂ ಹಿಂದಿನ ಗೋಡೆಯೂ ಒಟ್ಟಿಗೇ ಸರಿಯುವುದರಿಂದ ಅವೆರಡೂ ಒಂದೇ ಬಟ್ಟೆಯ ಮೇಲಿವೆಯೆಂಬ ಗುಟ್ಟು ರಟ್ಟಾಗುತ್ತದೆ. ಇಟಲಿಯ ಜೊವಾನಿ ಪಾಸ್ತ್ರೋನೆ ಕ್ಯಾಮೆರಾವನ್ನು ಗಾಲಿಗಳ ಬಂಡಿಯ ಮೇಲಿಟ್ಟು ಚಲಿಸುವಂತೆ ಮಾಡಿ 1914ರಲ್ಲಿ ‘ಕಬೀರಿಯಾ’ ಚಿತ್ರವನ್ನು ತೆರೆಗೆ ತಂದಾಗ, ಅದರ ಮೋಲೋಕ್ ದೇವಾಲಯವನ್ನು ನಿಜವಾದ ಆಳ, ಅಗಲ, ಎತ್ತರಗಳುಳ್ಳ ರಚನೆಯಾಗಿಯೇ ನಿಲ್ಲಿಸಬೇಕಾಯಿತು. ಸೆಟ್ಟು ಚಿತ್ರಕಾರನ ಕೈಯಿಂದ ಬಡಗಿ ಮತ್ತು ವಾಸ್ತುಶಿಲ್ಪಿಯ ಕೈಗೆ ದಾಟಿದ್ದು ಹೀಗೆ.

ಅಮೆರಿಕದ ಡಿ. ಡಬ್ಲ್ಯು. ಗ್ರಿಫಿತ್ ಈ ಇಟಲಿ ಚಿತ್ರಗಳ ವೈಭವವನ್ನು ಮೀರಿಸಲು ಹೊರಟು, 1916ರ ‘ಇಂಟಾಲರೆನ್ಸ್’ ಚಿತ್ರಕ್ಕಾಗಿ ಹಾಲಿವುಡ್ಡಿನ ಸನ್‌ಸೆಟ್ ಬುಲೆವಾರ್ಡ್ ರಸ್ತೆಯ ಪಕ್ಕದಲ್ಲಿ ಬ್ಯಾಬಿಲೋನ್ ನಗರದ ಅಂಗಳವನ್ನು, ಕಂಬಗಳ ತುದಿಯಲ್ಲಿ ಹಿಂಗಾಲ ಮೇಲೆ ನಿಂತ ಆನೆಗಳ ಸಮೇತ, ಕಟ್ಟಿಸಿದನು. ಕೆಡವಲು ದುಡ್ಡು ಸಾಲದೆ ಆ ಬ್ಯಾಬಿಲೋನ್ ಚಿತ್ರ ಬಿಡುಗಡೆಯಾದ ಮೇಲೂ ಕೆಲವು ವರ್ಷ ಬಿಸಿಲುಮಳೆಗೆ ಸವೆಯುತ್ತ ನಿಂತಿತ್ತೆಂಬುದು, ಅದರ ಆನೆಗಳು 2001ರಲ್ಲಿ ಹಾಲಿವುಡ್ಡಿನದೇ ಒಂದು ಮಾಲ್‌ನ ಅಂಗಳದಲ್ಲಿ ಅನುಕರಣೆಯ ರೂಪದಲ್ಲಿ ಮತ್ತೆ ಎದ್ದು ಸುಮಾರು 20 ವರ್ಷಗಳ ಬಳಿಕ ಅಲ್ಲಿಂದಲೂ ತೆರವಾದವೆಂಬುದು, ಸೆಟ್ಟುಗಳ ಚರಿತ್ರೆಯ ವಿನೋದಗಳಲ್ಲೊಂದು.

ಸೆಟ್ಟಿನ ವೈಭವ ಒಂದು ಮಾತು, ಅದರಲ್ಲಿ ವಾಸ್ತುವಿಚಾರ ಇರುವುದು ಬೇರೆಯೇ ಮಾತು. ಈ ಎರಡನೆಯದು ಗಟ್ಟಿಯಾಗಿ ಬೇರೂರಿದ್ದು ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯಲ್ಲಿ. ಯುದ್ಧಾನಂತರದ ಹಣದುಬ್ಬರದಲ್ಲಿ ಕಟ್ಟಡದ ಕೆಲಸಗಳು ನಿಂತುಹೋಗಿ, ಬ್ರೂನೋ ಟೌಟ್ ಮುಂತಾದ ವಾಸ್ತುಶಿಲ್ಪಿಗಳು 1919–20ರ ಅವಧಿಯಲ್ಲಿ ತಮ್ಮತಮ್ಮಲ್ಲೇ ಪತ್ರ ಬರೆದುಕೊಳ್ಳುತ್ತ, ಬೆಟ್ಟದ ನೆತ್ತಿಯ ಮೇಲಿನ ಗಾಜಿನ ಗುಡಿಗಳಂಥ ಕಟ್ಟಲಾಗದ ಕಟ್ಟಡಗಳನ್ನು ಕಾಗದದ ಮೇಲೆ ಬರೆದು ತೃಪ್ತಿಪಡಬೇಕಾಗಿತ್ತು. ಕೆಲಸವಿಲ್ಲದ ಈ ಕಲ್ಪನಾಶಕ್ತಿಗೆ ಸಿನಿಮಾ ಸ್ಟುಡಿಯೋ ಬಾಗಿಲು ತೆರೆಯಿತು. 1920ರಲ್ಲಿ ತೆರೆಕಂಡ, ರಾಬರ್ಟ್ ವೀನೆ ನಿರ್ದೇಶನದ ‘ಡಾಕ್ಟರ್ ಕ್ಯಾಲಿಗರಿ’ ಚಿತ್ರದಲ್ಲಿ ಹೆರ್ಮಾನ್ ವಾರ್ಮ್, ವಾಲ್ಟರ್ ರೈಮಾನ್ ಮತ್ತು ವಾಲ್ಟರ್ ರೋರಿಗ್ ಎಂಬ ಮೂವರು ರಚಿಸಿದ ಊರಿನಲ್ಲಿ ನೆಟ್ಟಗೆ ನಿಂತ ಗೋಡೆಯಾಗಲಿ, ಚೌಕವಾದ ಕಿಟಕಿಯಾಗಲಿ ಕಾಣುವುದು ಅಪರೂಪ. ಬೆಳಕುನೆರಳುಗಳನ್ನು ಸಹ ಗೋಡೆ ಮತ್ತು ನೆಲದ ಮೇಲೆ ಬಣ್ಣದಿಂದ ಬರೆಯಲಾಗಿದೆ. ಪಾತ್ರಗಳ ಮನಸ್ಸಿನ ಕಳವಳವನ್ನು ಹೊರಗಿನ ಆಕಾರಗಳಲ್ಲಿ ತೋರಿಸುವ ಈ ಕಲಾಮಾರ್ಗಕ್ಕೆ ಅಭಿವ್ಯಕ್ತಿವಾದವೆಂದು ಹೆಸರು. ಆದರೆ ವಾಸ್ತುಶಿಲ್ಪದ ದೃಷ್ಟಿಯಿಂದ ನೋಡಿದರೆ ‘ಕ್ಯಾಲಿಗರಿ’ ಚಿತ್ರಕಾರರ ಸಾಧನೆಯೇ ಹೊರತು ಕಟ್ಟುವವರ ಸಾಧನೆಯಲ್ಲ. ಅದರ ಕೀರ್ತಿ ಈ ಒಂದು ವಿಷಯದಲ್ಲಿ ಅದರ ಯೋಗ್ಯತೆಗಿಂತ ತುಸು ದೊಡ್ಡದಾಗಿದೆ.

ಅದೇ ವರ್ಷದ ‘ಗೋಲೆಮ್’ ಈ ಕೊರತೆಯನ್ನು ತುಂಬಿತು. ಪ್ರಾಗ್ ನಗರದ ಯೆಹೂದಿ ಕೇರಿಯಲ್ಲಿ ಜೇಡಿಮಣ್ಣಿನ ಮನುಷ್ಯನೊಬ್ಬ ಜೀವತಳೆಯುವ ಈ ಕಥೆಗೆ ನಿರ್ದೇಶಕ ಪಾಲ್ ವೇಗೆನರ್ ಕರೆತಂದದ್ದು ಹಾನ್ಸ್ ಪೋಲ್ಟ್ಸಿಗ್ ಎಂಬ ಹೆಸರಾಂತ ವಾಸ್ತುಶಿಲ್ಪಿಯನ್ನು. ಬರ್ಲಿನ್ನಿನ ಹಳೆಯ ಸರ್ಕಸ್ ಕಟ್ಟಡವೊಂದನ್ನು ಗುಹೆಯ ಸೂರಿನಿಂದ ಇಳಿಬಿದ್ದ ಸುಣ್ಣದ ಕೋಡುಗಳಂಥ ಆಕಾರಗಳಿಂದ ತುಂಬಿ, ಆತ ಅದನ್ನು ಮಹಾನಾಟ್ಯಶಾಲೆಯಾಗಿ ಮಾರ್ಪಡಿಸಿದ್ದು 1919ರಲ್ಲಿ. ಗೋಲೆಮ್‌ನ ಕೇರಿಯನ್ನು ಪೋಲ್ಟ್ಸಿಗ್, ಮುಂದೆ ಅವನ ಪತ್ನಿಯಾದ ಶಿಲ್ಪಿ ಮಾರ್ಲೀನ್ ಮೋಯ್ಶ್ಕೆ ಮಣ್ಣಿನಲ್ಲಿ ಮಾಡಿದ ಮಾದರಿಗಳ ನೆರವಿನಿಂದ, ಬರ್ಲಿನ್ನಿನ ಟೆಂಪಲ್‌ಹೋಫ್ ಬಯಲಿನಲ್ಲಿ ನಿಲ್ಲಿಸಿದನು. ಅಲ್ಲಿ ಪ್ರಾಗ್ ನಗರದ ಯಾವೊಂದು ಬೀದಿಯ ನಕಲೂ ಇರಲಿಲ್ಲ. ಒಂದರ ಹೆಗಲಿಗೆ ಇನ್ನೊಂದು ಒರಗಿಕೊಂಡ ಚೂಪು ಮಾಡಿನ ಮನೆಗಳು, ಬಂಡೆಯೊಳಗೆ ಕೊರೆದಂತಹ ಕೋಣೆಗಳು, ಕಿವಿಯ ಆಲೆಯಂತೆ ಸುರುಳಿಸುತ್ತಿದ ಮೆಟ್ಟಿಲುಗಳು ಎಲ್ಲವೂ ಆ ಜೀವತಳೆದ ಮನುಷ್ಯನನ್ನು ಮಾಡಿದ ಮಣ್ಣಿನಿಂದಲೇ ಎದ್ದುಬಂದಂತಿದ್ದವು. ಕಥೆಯ ಮೂಲದ್ರವ್ಯವೂ ಕಟ್ಟಡದ ದ್ರವ್ಯವೂ ಒಂದೇ ಆಗುವಂತೆ ನೋಡಿಕೊಂಡದ್ದು ಒಬ್ಬ ವಾಸ್ತುಶಿಲ್ಪಿಗಷ್ಟೇ ಹೊಳೆಯಬಹುದಾದ ವಿಚಾರ. ಹಾಲಿವುಡ್ಡಿನಲ್ಲಿ ಎಡ್ಗರ್ ಉಲ್ಮರ್ 1934ರಲ್ಲಿ ತೆಗೆದ ‘ದಿ ಬ್ಲ್ಯಾಕ್ ಕ್ಯಾಟ್’ ಚಿತ್ರದ ಖಳನಾಯಕ, ಆಧುನಿಕ ಶೈಲಿಯ ಮನೆಯಲ್ಲಿ ವಾಸಿಸುವ ವಾಸ್ತುಶಿಲ್ಪಿಯಾಗಿದ್ದು, ಅವನ ಹೆಸರೂ ಪೋಲ್ಟ್ಸಿಗ್ ಎಂದೇ ಇದೆ.

ಇದೇ ಜರ್ಮನ್ ಸಿನಿಮಾದ ನಿರ್ದೇಶಕ ಫ್ರಿಟ್ಸ್ ಲಾಂಗ್ ವಿಯೆನ್ನಾದ ಕಟ್ಟಡ ನಿರ್ಮಾತೃವೊಬ್ಬನ ಮಗನಾಗಿದ್ದು, ಸ್ವಲ್ಪ ಕಾಲ ವಾಸ್ತುಶಿಲ್ಪವನ್ನು ಓದಿ ಬಿಟ್ಟವನು. 1924ರಲ್ಲಿ ನ್ಯೂಯಾರ್ಕನ್ನು ಕಂಡುಬಂದ ಅವನು 1925ರ ಮೇ ತಿಂಗಳಲ್ಲಿ ಚಿತ್ರೀಕರಣಕ್ಕೆ ತೊಡಗಿ, 1927ರ ಜನವರಿ 10ರಂದು ಬರ್ಲಿನ್ನಿನಲ್ಲಿ ಪ್ರದರ್ಶಿಸಿದ ‘ಮೆಟ್ರೋಪೊಲಿಸ್’ನಲ್ಲಿ ಒಡೆಯರು ಗಗನಚುಂಬಿಗಳಲ್ಲಿಯೂ ದುಡಿಯುವವರು ನೆಲದಡಿಯಲ್ಲಿಯೂ ಬಾಳುತ್ತಾರೆ, ಎತ್ತರವೇ ಇಲ್ಲಿ ವರ್ಗವನ್ನು ಹೇಳುತ್ತದೆ. ಓಟೋ ಹುಂಟೆ, ಎರಿಖ್ ಕೆಟ್ಟಲ್‌ಹುಟ್ ಮತ್ತು ಕಾರ್ಲ್ ಫೋಲ್‌ಬ್ರೆಖ್ಟ್ ಈ ನಗರದ ರಚನಾಕಾರರು. ಕೆಟ್ಟಲ್‌ಹುಟ್ ಮೊದಲು ಬರೆದ ನಗರದ ನಡುವೆ ಹಳೆಯ ಯುರೋಪಿನ ಪದ್ಧತಿಯಂತೆ ಒಂದು ಚರ್ಚು ಇತ್ತೆಂಬುದೂ, ಲಾಂಗ್ ಅದನ್ನು ಹೊಡೆದುಹಾಕಿ ಅಲ್ಲಿ ಬೇಬಲ್ ಗೋಪುರವನ್ನು ತರುವಂತೆ ಸೂಚಿಸಿದನೆಂಬುದೂ ಉಳಿದಿರುವ ರೇಖಾಚಿತ್ರದಿಂದಲೇ ತಿಳಿದುಬರುತ್ತದೆ. ಪಟ್ಟಣದ ನಡುಮಧ್ಯದ ಹಕ್ಕು ದೇವಾಲಯದಿಂದ ವ್ಯಾಪಾರದ ಗೋಪುರಕ್ಕೆ ವರ್ಗವಾದ ಆ ಕಾಲದ ಇತಿಹಾಸವನ್ನು ಒಂದೇ ಗೆರೆಯಲ್ಲಿ ಹೇಳುವ ಇಂಥ ದಾಖಲೆ ಮತ್ತೊಂದು ಸಿಗಲಾರದು.

ಇಷ್ಟು ದೊಡ್ಡ ನಗರವನ್ನು ಪೂರ್ಣ ಅಳತೆಯಲ್ಲಿ ಕಟ್ಟುವುದು ಸಾಧ್ಯವಿಲ್ಲದ್ದರಿಂದ ಓಯ್ಗೆನ್ ಶುಫ್ತಾನ್ ರೂಪಿಸಿದ ಉಪಾಯವನ್ನು ಬಳಸಲಾಯಿತು. ಕ್ಯಾಮೆರಾದ ಮುಂದೆ 45 ಡಿಗ್ರಿ ಓರೆಯಲ್ಲಿ ಒಂದು ಕನ್ನಡಿಯನ್ನು ನಿಲ್ಲಿಸಿ, ಪಕ್ಕದಲ್ಲಿಟ್ಟ ಪುಟ್ಟ ಮಾದರಿಯ ಕಟ್ಟಡ ಅದರಲ್ಲಿ ಪ್ರತಿಬಿಂಬಿಸುವಂತೆ ಮಾಡಿ, ನಟರು ಕಾಣಬೇಕಾದ ಭಾಗದಲ್ಲಿ ಮಾತ್ರ ಕನ್ನಡಿಯ ಹಿಂದಿನ ಬೆಳ್ಳಿಲೇಪವನ್ನು ಕೆರೆದು ತೆಗೆದರೆ, ದೂರದಲ್ಲಿ ನಿಂತ ಮನುಷ್ಯರು ಮಾದರಿಯ ಬಾಗಿಲಲ್ಲಿ ಓಡಾಡುವಂತೆ ಒಂದೇ ಚಿತ್ರದಲ್ಲಿ ಮೂಡುತ್ತಾರೆ. ಇಂಗ್ಲಿಷ್ ಕಾದಂಬರಿಕಾರ ಎಚ್. ಜಿ. ವೆಲ್ಸ್ ‘ಮೆಟ್ರೋಪೊಲಿಸ್’ ಅನ್ನು ಕಟುವಾಗಿ ಟೀಕಿಸಿದನಾದರೂ, ಅವನದೇ ಕಥೆಯ ಮೇಲೆ 1936ರಲ್ಲಿ ಬಂದ ‘ಥಿಂಗ್ಸ್ ಟು ಕಮ್’ನ ಬಿಳಿಯ, ಗಾಜಿನ, ಆರೋಗ್ಯಕರವಾದ ಭವಿಷ್ಯನಗರ ಇಂದು ಯಾರ ನೆನಪಿನಲ್ಲೂ ಅಷ್ಟಾಗಿ ಉಳಿದಿಲ್ಲ, ‘ಮೆಟ್ರೋಪೊಲಿಸ್’ನ ಕತ್ತಲೆಯೋ 1982ರ ‘ಬ್ಲೇಡ್ ರನ್ನರ್’ವರೆಗೂ ಹಬ್ಬಿತು.

ಜರ್ಮನಿಯ ಈ ಪರಂಪರೆಯ ಒಂದು ಕವಲು ಭಾರತಕ್ಕೂ ಬಂದಿತೆಂಬುದನ್ನು ಇಲ್ಲಿಯೇ ಹೇಳಬೇಕು. 1934ರಲ್ಲಿ ಮುಂಬಯಿಯ ಮಲಾಡ್‌ನಲ್ಲಿ ಸ್ಥಾಪಿತವಾದ ಬಾಂಬೆ ಟಾಕೀಸ್‌ನಲ್ಲಿ ನಿರ್ದೇಶಕ ಫ್ರಾಂಜ್ ಓಸ್ಟೆನ್ ಜೊತೆಗೆ ದುಡಿದವರಲ್ಲಿ, ವಾಸ್ತುಶಿಲ್ಪವನ್ನು ಅಭ್ಯಾಸ ಮಾಡಿದ ಕಾರ್ಲ್ ಫಾನ್ ಸ್ಪ್ರೇಟಿ ಎಂಬ ಸೆಟ್ ರಚನಾಕಾರನೂ ಇದ್ದನು. 

ಅಲ್ಲಿಯವರೆಗಿನ ಸೆಟ್ಟುಗಳು ಇಲ್ಲದ ನಗರಗಳನ್ನು ತೋರಿಸಿದ್ದರೆ, ಎರಡನೆಯ ಮಹಾಯುದ್ಧದ ಬಳಿಕ ಫ್ರಾನ್ಸಿನ ಜಾಕ್ ತಾತಿ ಕಣ್ಣೆದುರಿಗೇ ಏಳುತ್ತಿದ್ದ ನಗರವನ್ನು ಮತ್ತೊಮ್ಮೆ ಕಟ್ಟಿ ಪರೀಕ್ಷಿಸಿದನು. 1958ರ ‘ಮೋನ್ ಓಂಕ್ಲ್’, ಅಂದರೆ ‘ನನ್ನ ಸೋದರಮಾವ’, ಚಿತ್ರಕ್ಕೆ ಚಿತ್ರಕಾರ ಜಾಕ್ ಲಗ್ರಾಂಜ್ ರೂಪಿಸಿದ ಆರ್ಪೆಲ್ ದಂಪತಿಗಳ ಮನೆಯಲ್ಲಿ ಎಲ್ಲವೂ ಹೊಸದು, ಎಲ್ಲವೂ ಚೊಕ್ಕಟ, ಕೂರಲು ಮಾತ್ರ ಎಲ್ಲಿಯೂ ಸುಖವಿಲ್ಲ. ಅಂಗಳದ ಲೋಹದ ಮೀನಿನ ಬಾಯಿಂದ ಚಿಮ್ಮುವ ಕಾರಂಜಿಯನ್ನು ಬಂದವರು ಗಣ್ಯರೋ ಅಲ್ಲವೋ ಎಂದು ನೋಡಿ ಹಚ್ಚಲಾಗುತ್ತದೆ. ಇರುಳಿನಲ್ಲಿ ಗಂಡಹೆಂಡಿರ ತಲೆಗಳು ಎರಡು ದುಂಡು ಕಿಟಕಿಗಳಲ್ಲಿ ಆಡುವಾಗ ಆ ಮನೆಯೇ ಕಣ್ಣಾಲಿಗಳನ್ನು ಹೊರಳಿಸಿದಂತೆ ತೋರುತ್ತದೆ.

‘ಪ್ಲೇಟೈಮ್’ಗಾಗಿ ತಾತಿ ಇನ್ನೂ ಮುಂದೆ ಹೋದನು. ಪ್ಯಾರಿಸ್ಸಿನ ಪೂರ್ವದಂಚಿನ ಬಯಲಿನಲ್ಲಿ 1964ರಲ್ಲಿ ಆರಂಭವಾಗಿ, ಯೂಜೆನ್ ರೋಮಾನ್‌ನ ರಚನೆಯಲ್ಲಿ ಎದ್ದ ಆ ನಗರಕ್ಕೆ ‘ತಾತಿವಿಲ್’ ಎಂಬ ಹೆಸರೇ ಬಿದ್ದಿತು. ಅದಕ್ಕೆ ತನ್ನದೇ ರಸ್ತೆಗಳು, ಸಂಚಾರ ದೀಪಗಳು, ವಿದ್ಯುತ್ ಉತ್ಪಾದನೆಯ ವ್ಯವಸ್ಥೆ ಇದ್ದವು. ಹಲವು ಕಟ್ಟಡಗಳು ಗಾಲಿ ಮತ್ತು ಹಳಿಗಳ ಮೇಲಿದ್ದು, ದೃಶ್ಯಕ್ಕೆ ಬೇಕಾದಂತೆ ಅವನ್ನು ತಳ್ಳಿ ನಿಲ್ಲಿಸಬಹುದಾಗಿತ್ತು. ದೂರದ ಕಟ್ಟಡಗಳಷ್ಟೇ ಅಲ್ಲದೆ ಹಿನ್ನೆಲೆಯ ಕೆಲವು ಮನುಷ್ಯರೂ ಕತ್ತರಿಸಿದ ಛಾಯಾಚಿತ್ರಗಳಾಗಿದ್ದರು. ನಿಜವಾದ ವಿಮಾನ ನಿಲ್ದಾಣವನ್ನೋ ಕಚೇರಿಯನ್ನೋ ತಿಂಗಳುಗಟ್ಟಲೆ ಮುಚ್ಚಿಸುವುದು ಸಾಧ್ಯವಿರಲಿಲ್ಲವಾದ್ದರಿಂದ ಈ ಸಾಹಸ ಅನಿವಾರ್ಯವೆಂದು ಅವನು ವಾದಿಸುತ್ತಿದ್ದನು. 70 ಮಿ.ಮೀ. ಪಟ್ಟಿಯಲ್ಲಿ ಚಿತ್ರಿಸಲಾದ ಈ ಕೃತಿ 1967ರ ಡಿಸೆಂಬರಿನಲ್ಲಿ ತೆರೆಕಂಡಿತು.

ಇದರಲ್ಲಿ ಕಥೆಯೆಂದು ಹೇಳಬಹುದಾದದ್ದು ಬಹಳ ಕಡಿಮೆ. ಊರು ನೋಡಲು ಬಂದ ಪ್ರವಾಸಿಗರಿಗೆ ನಿಜವಾದ ಪ್ಯಾರಿಸ್ ಸಿಗುವುದು ಗಾಜಿನ ಬಾಗಿಲಿನಲ್ಲಿ ಒಂದು ಕ್ಷಣ ಪ್ರತಿಫಲಿಸಿದ ಐಫೆಲ್ ಗೋಪುರವಾಗಿ ಮಾತ್ರ. ಗೋಡೆಯ ಮೇಲಿನ ಜಾಹೀರಾತುಗಳಲ್ಲಿ ಬೇರೆಬೇರೆ ದೇಶಗಳ ಹೆಸರಿದ್ದರೂ ಎಲ್ಲದರಲ್ಲಿಯೂ ಇರುವುದು ಅದೇ ಗಾಜಿನ ಕಟ್ಟಡ. ಹೊಸದಾಗಿ ತೆರೆದ ರಾಯಲ್ ಗಾರ್ಡನ್ ರೆಸ್ಟೋರೆಂಟಿನ ದೀರ್ಘ ಪ್ರಸಂಗ ಈ ಚಿತ್ರದ ಶಿಖರ. ಅಲ್ಲಿ ವಾಸ್ತುಶಿಲ್ಪಿ ಅಳತೆಕೋಲು ಹಿಡಿದು ಓಡಾಡುತ್ತಿರುವಂತೆಯೇ ಕುರ್ಚಿಗಳ ಬೆನ್ನಿನ ಕಿರೀಟದ ಅಚ್ಚು ಗಿರಾಕಿಗಳ ಬೆನ್ನಿಗೆ ಒತ್ತುತ್ತದೆ. ಗಾಜಿನ ಬಾಗಿಲು ಒಡೆದುಹೋದ ಮೇಲೂ ದ್ವಾರಪಾಲಕನು ಅದರ ಹಿಡಿಯನ್ನಷ್ಟೇ ಕೈಯಲ್ಲಿ ಹಿಡಿದು, ಇಲ್ಲದ ಬಾಗಿಲನ್ನು ತೆರೆದು ಮುಚ್ಚುತ್ತಾನೆ. ಚಾವಣಿಯ ಅಲಂಕಾರ ಕುಸಿದುಬಿದ್ದ ಬಳಿಕವೇ ಜನ ಸಲೀಸಾಗಿ ನಗುತ್ತ ಕುಣಿಯುತ್ತ ಒಬ್ಬರನ್ನೊಬ್ಬರು ಮಾತನಾಡಿಸತೊಡಗುತ್ತಾರೆ. ಆಧುನಿಕ ಕಟ್ಟಡಗಳನ್ನು ಹಳಿದ ಪುಸ್ತಕಗಳು ಹಲವಿದ್ದರೂ, ಆ ಕಟ್ಟಡಗಳ ಅಂದವನ್ನು ಅಷ್ಟೇ ನಿಷ್ಠೆಯಿಂದ ಕಟ್ಟಿ ತೋರಿಸಿ, ಆಮೇಲೆ ಅದರೊಳಗೆ ಮನುಷ್ಯರನ್ನು ಬಿಟ್ಟು ನೋಡಿದ ಟೀಕೆ ಇದರಷ್ಟು ನ್ಯಾಯವಾದದ್ದು ಬೇರೆ ಇಲ್ಲ. ಬೆಲೆಯನ್ನು ತೆತ್ತವನು ತಾತಿಯೇ: ಚಿತ್ರ ಹಣ ತರಲಿಲ್ಲ, ಸಾಲ ಅವನ ಮನೆಯನ್ನೂ ಹಿಂದಿನ ಚಿತ್ರಗಳ ಹಕ್ಕುಗಳನ್ನೂ ನುಂಗಿತು, ಸಿನಿಮಾ ವಿದ್ಯಾರ್ಥಿಗಳಿಗಾಗಿ ಉಳಿಸಬೇಕೆಂದು ಅವನು ಬಯಸಿದ್ದ ತಾತಿವಿಲ್ ನೆಲಸಮವಾಯಿತು.

ಕರ್ನಾಟಕದ ನೆಲದಲ್ಲಿ ಹೀಗೆ ಎದ್ದು ಅಳಿದ ಊರೆಂದರೆ ರಾಮನಗರದ ರಾಮದೇವರ ಬೆಟ್ಟದ ತಪ್ಪಲಿನಲ್ಲಿ 1973ರಲ್ಲಿ ‘ಶೋಲೆ’ ಚಿತ್ರಕ್ಕಾಗಿ ಕಲಾ ನಿರ್ದೇಶಕ ರಾಮ್ ಯೇಡೇಕರ್ ಕಟ್ಟಿಸಿದ ರಾಮಗಢ. ಚಂಬಲ್ ಕಣಿವೆಯ ಡಕಾಯಿತರ ಕಥೆಗಳಿಗೆ ಒಗ್ಗಿಹೋಗಿದ್ದ ಹಿಂದಿ ಸಿನಿಮಾಕ್ಕೆ ಈ ಕಪ್ಪು ಬಂಡೆಗಳ ಹಿನ್ನೆಲೆ ಹೊಸದಾಗಿತ್ತು. ಎತ್ತರದಲ್ಲಿ ಠಾಕೂರನ ಮನೆ, ತಗ್ಗಿನಲ್ಲಿ ಊರು, ನೀರಿನ ತೊಟ್ಟಿ, ಮಸೀದಿ, ಇವನ್ನು ಒಂದು ನೋಟಕ್ಕೆ ಸಿಗುವಂತೆ ಜೋಡಿಸಿದ ಬಗೆಯಲ್ಲಿ ಗ್ರಾಮರಚನೆಯ ಜಾಣ್ಮೆಯಿದೆ; ನೋಡುಗರಿಗೆ ಆ ಊರಿನ ದಾರಿಗಳು ಬಾಯಿಪಾಠವಾಗಿರುವುದೇ ಇದಕ್ಕೆ ಸಾಕ್ಷಿ.

ಹೀಗೆ ಅಳಿದ ಊರುಗಳನ್ನು ಅರಿಯಲು ನಕ್ಷೆಗಳೇ ಆಧಾರ: ಕೆಟ್ಟಲ್‌ಹುಟ್‌ನ ರೇಖಾಚಿತ್ರಗಳು ಬರ್ಲಿನ್ನಿನ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿರುವುದರಿಂದಲೇ ‘ಮೆಟ್ರೋಪೊಲಿಸ್’ನ ಗೋಪುರದ ಹುಟ್ಟನ್ನು ಇಂದು ಹಂತಹಂತವಾಗಿ ಅಧ್ಯಯನ ಮಾಡಲು ಸಾಧ್ಯವಾಗಿದೆ. ಕನ್ನಡ ಚಿತ್ರಗಳಿಗೂ ನಮ್ಮ ನೆಲದಲ್ಲಿ ತಯಾರಾದ ಇತರ ಚಿತ್ರಗಳಿಗೂ ಬೀದಿ, ಅರಮನೆ, ಹಳ್ಳಿಗಳನ್ನು ಕಟ್ಟಿದ ಕಲಾ ನಿರ್ದೇಶಕರ ನಕ್ಷೆಗಳು, ಮಾದರಿಗಳು ಮತ್ತು ಸ್ಥಿರಚಿತ್ರಗಳು ಎಲ್ಲೆಲ್ಲಿ ಇವೆಯೋ ಅಲ್ಲಿಂದ ಅವನ್ನು ಕೂಡಿಸಿ ಪಟ್ಟಿ ಮಾಡುವ ಕೆಲಸವನ್ನು ವಾಸ್ತುಶಿಲ್ಪ ಕಾಲೇಜುಗಳು, ಹಳೆಯ ಗುಡಿಗಳ ಅಳತೆಯನ್ನು ವಿದ್ಯಾರ್ಥಿಗಳಿಂದ ತೆಗೆಸುವಷ್ಟೇ ಶ್ರದ್ಧೆಯಿಂದ, ಆ ಕಸುಬಿನ ಹಿರಿಯರು ಇರುವಾಗಲೇ ಕೈಗೆತ್ತಿಕೊಳ್ಳಬೇಕು.