ಎರಡು ರನ್ನಿನ ನ್ಯಾಯ

1934ರ ನವೆಂಬರ್ 4ರಂದು ಮದರಾಸಿನ ಚೆಪಾಕ್ ಮೈದಾನದಲ್ಲಿ ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ಆರಂಭವಾಯಿತು; ಅಂದೇ ಮುಗಿದೂ ಹೋಯಿತು. ಮೈಸೂರು ತಂಡ 48 ಮತ್ತು 59 ರನ್ನುಗಳಿಗೆ ಉರುಳಿತು. 130 ರನ್ ಗಳಿಸಿದ್ದ ಮದರಾಸಿಗೆ ಎರಡನೇ ಬಾರಿ ಬ್ಯಾಟು ಹಿಡಿಯುವ ಪ್ರಸಂಗವೇ ಬರಲಿಲ್ಲ. ಎ.ಜಿ. ರಾಮ್‌ಸಿಂಗ್ 11 ವಿಕೆಟ್ ಕಿತ್ತಿದ್ದರು. ಸೋತವರು ಹೊರಗೆ ಎಂಬುದು ಅಂದಿನ ನಿಯಮ. ಹೀಗಾಗಿ ಮೈಸೂರಿನ ಆ ವರ್ಷದ ಆಸೆ ಒಂದೇ ಹಗಲಿನಲ್ಲಿ ಕಮರಿತು.

ಒಂದು ಕೆಟ್ಟ ದಿನದಿಂದ ತಂಡವೊಂದರ ಯೋಗ್ಯತೆಯನ್ನು ಅಳೆಯಬಹುದೆ? ಬೊಮ್ಮಸಂದ್ರದ ಕಾರ್ಖಾನೆಗಳ ನೌಕರರು ಭಾನುವಾರ ಟೆನಿಸ್ ಚೆಂಡಿನ ಟೂರ್ನಿ ನಡೆಸುವಾಗಲೂ ಎದುರಾಗುವ ಪ್ರಶ್ನೆ ಇದು. ಎಲ್ಲರೂ ಎಲ್ಲರೊಡನೆ ಆಡಿದರೆ ನ್ಯಾಯ ನಿಜ. ಆದರೆ ಮೈದಾನ ಸಿಗುವುದು ಒಂದೇ ದಿನ. ನಾಕೌಟ್ ಅನಿವಾರ್ಯವಾಗುತ್ತದೆ. ದೇಶದ ಮಟ್ಟದಲ್ಲೂ ದೂರ, ಖರ್ಚು, ಸಮಯಗಳೇ ನಿಯಮವನ್ನು ರೂಪಿಸಿದವು.

1957-58ರಲ್ಲಿ ರಣಜಿ ಟ್ರೋಫಿಯ ವಲಯಗಳೊಳಗೆ ಲೀಗ್ ಪದ್ಧತಿ ಬಂತು. ಒಂದು ಸೋಲಿಗೆ ಮನೆಗೆ ಮರಳುವ ಭಯ ತಪ್ಪಿತು. ಆದರೆ ವಲಯಕ್ಕೊಂದೇ ತಂಡ ಮುಂದೆ ಹೋಗುತ್ತಿದ್ದುದರಿಂದ ಹೊಸ ತಕರಾರು ಹುಟ್ಟಿತು. ಮೈಸೂರು, ಮದರಾಸು, ಹೈದರಾಬಾದ್‌ಗಳು ಒಂದೇ ದಕ್ಷಿಣ ವಲಯದಲ್ಲಿದ್ದವು. ಬಲಿಷ್ಠ ವಲಯದ ಎರಡನೆಯ ತಂಡ, ದುರ್ಬಲ ವಲಯದ ಮೊದಲ ತಂಡಕ್ಕಿಂತ ಉತ್ತಮವಾಗಿದ್ದರೂ ಹೊರಗೇ ಉಳಿಯಬೇಕಿತ್ತು. 1970-71ರಿಂದ ವಲಯಕ್ಕೆ ಎರಡು ತಂಡಗಳಿಗೆ ಅವಕಾಶ ದೊರೆಯಿತು. 2002-03ರಲ್ಲಿ ವಲಯಗಳನ್ನೇ ಕೈಬಿಟ್ಟು ಎಲೀಟ್, ಪ್ಲೇಟ್ ಎಂಬ ವಿಭಾಗಗಳನ್ನು ಮಾಡಲಾಯಿತು.

ಇದಕ್ಕಿಂತಲೂ ಹೆಚ್ಚು ವಾದಕ್ಕೆ ಎಡೆ ಮಾಡಿದ್ದು ಮೊದಲ ಇನಿಂಗ್ಸಿನ ಮುನ್ನಡೆ. ನಾಕೌಟ್ ಪಂದ್ಯ ಡ್ರಾ ಆದರೆ ಮುನ್ನಡೆ ಪಡೆದವರೇ ಗೆದ್ದಂತೆ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್‌ನಲ್ಲಿ. ಅದೇ ಋತುವಿನ ಸೆಮಿಫೈನಲ್‌ನಲ್ಲಿ, ಬೆಂಗಳೂರಿನಲ್ಲಿ, ಸತತ 15 ಬಾರಿ ಟ್ರೋಫಿ ಗೆದ್ದಿದ್ದ ಮುಂಬಯಿಯನ್ನು ಪ್ರಸನ್ನ ನಾಯಕತ್ವದ ಕರ್ನಾಟಕ ತಡೆದು ನಿಲ್ಲಿಸಿತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಕರ್ನಾಟಕ 385, ಮುಂಬಯಿ 307. ಫೈನಲಿಗೆ ದಾರಿ ತೆರೆದದ್ದು 78 ರನ್ನುಗಳ ಈ ಮುನ್ನಡೆಯೇ. ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕರ್ನಾಟಕ ಮೊದಲ ಸಲ ಟ್ರೋಫಿ ಎತ್ತಿತು.

ಕೊಟ್ಟ ನಿಯಮವೇ ಎಂಟು ವರ್ಷಗಳ ಬಳಿಕ ಕಿತ್ತುಕೊಂಡಿತು. 1981-82ರ ಫೈನಲ್‌ನಲ್ಲಿ ಕರ್ನಾಟಕ 705 ರನ್ ಪೇರಿಸಿತು. ದೆಹಲಿಯ ಎಂಟು ವಿಕೆಟ್‌ಗಳು 589ಕ್ಕೆ ಬಿದ್ದಾಗ ಟ್ರೋಫಿ ಕೈಗೆ ಬಂದಂತೆಯೇ ಇತ್ತು. ಆದರೆ ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್ ಔಟಾಗದೆ ನಿಂತು ಮೊತ್ತವನ್ನು 707ಕ್ಕೆ ಒಯ್ದರು. ಎರಡೂ ತಂಡಗಳು ಒಂದೊಂದೇ ಇನಿಂಗ್ಸ್ ಆಡಿದ ಪಂದ್ಯದಲ್ಲಿ ಎರಡು ರನ್ನುಗಳಿಂದ ದೆಹಲಿ ಚಾಂಪಿಯನ್ ಆಯಿತು.

ಅಂಕಗಳನ್ನು ಬಿಟ್ಟು ಅಭಿಪ್ರಾಯವನ್ನು ನಂಬಿದರೆ ನ್ಯಾಯ ಸಿಗುತ್ತದೆಯೆ? ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಚರಿತ್ರೆ ಅದಕ್ಕೆ ಉತ್ತರ. ಅಲ್ಲಿ 1936ರಿಂದ ಪತ್ರಕರ್ತರ ಮತದಾನ ಅಗ್ರ ತಂಡವನ್ನು ಹೆಸರಿಸುತ್ತಿತ್ತು. 1998ರಲ್ಲಿ ಮತದಾನದ ಜೊತೆಗೆ ಕಂಪ್ಯೂಟರ್ ಲೆಕ್ಕ ಸೇರಿತು. 2014ರ ಋತುವಿನಿಂದ ಸಮಿತಿಯೊಂದು ನಾಲ್ಕು ತಂಡಗಳನ್ನು ಆರಿಸತೊಡಗಿತು. 2023ರಲ್ಲಿ 13 ಪಂದ್ಯಗಳನ್ನೂ ಗೆದ್ದಿದ್ದ ಫ್ಲಾರಿಡಾ ಸ್ಟೇಟ್ ತಂಡವನ್ನು ಈ ಸಮಿತಿ ಹೊರಗಿಟ್ಟಿತು. ಮುಖ್ಯ ಆಟಗಾರ ಗಾಯಗೊಂಡಿದ್ದರಿಂದ ತಂಡದ ಬಲ ಕುಗ್ಗಿದೆ ಎಂಬುದು ಅದರ ಎಣಿಕೆ. ಕೂಗು ದೊಡ್ಡದಾಯಿತು. ಅದಕ್ಕೆ ಮೊದಲೇ ನಿರ್ಧಾರವಾಗಿದ್ದಂತೆ ಮರುವರ್ಷ ತಂಡಗಳ ಸಂಖ್ಯೆ 12ಕ್ಕೆ ಏರಿತು. ಆಗ ಜಗಳ ಐದನೆಯ ಸ್ಥಾನದಿಂದ ಹದಿಮೂರಕ್ಕೆ ಸರಿಯಿತು, ಅಷ್ಟೆ.

ಮೈದಾನದ ಲೆಕ್ಕ ನಿರ್ದಯವಾದರೂ ಅದಕ್ಕೆ ಒಂದು ಗುಣವಿದೆ: ಆಟಕ್ಕೆ ಇಳಿಯುವ ಮೊದಲೇ ಅದು ಇಬ್ಬರಿಗೂ ಗೊತ್ತಿರುತ್ತದೆ. 2025ರ ಫೆಬ್ರುವರಿಯಲ್ಲಿ ಅಹಮದಾಬಾದಿನ ಸೆಮಿಫೈನಲ್‌ನಲ್ಲಿ ಗುಜರಾತಿನ ಕೊನೆಯ ಬ್ಯಾಟುಗಾರ ಬಾರಿಸಿದ ಚೆಂಡು ಕೇರಳದ ಫೀಲ್ಡರ್ ಒಬ್ಬನ ಹೆಲ್ಮೆಟ್‌ಗೆ ಬಡಿದು ಸ್ಲಿಪ್‌ನಲ್ಲಿದ್ದವನ ಕೈ ಸೇರಿತು. ಕೇರಳ 457, ಗುಜರಾತ್ 455. ಕೇರಳ ಮೊದಲ ಬಾರಿ ರಣಜಿ ಫೈನಲ್ ಕಂಡಿತು. ಅಂತರ ಮತ್ತೆ ಅದೇ ಎರಡು ರನ್.