ಮರಳಿನ ಊರು ತಲಕಾಡು

ಮಾರತ್ತಹಳ್ಳಿಯಿಂದ ಕನಕಪುರ, ಮಳವಳ್ಳಿಗಳ ಮಾರ್ಗವಾಗಿ ನಾವು ಕಾವೇರೀತೀರದ ತಲಕಾಡನ್ನು ಸೇರಿದೆವು. ಗಂಗರ ರಾಜಧಾನಿಯಾಗಿದ್ದ ಊರಿದು. ಕ್ರಿ. ಶ. 1116ರಲ್ಲಿ ಚೋಳರಿಂದ ಇದನ್ನು ಗೆದ್ದ ಹೊಯ್ಸಳ ವಿಷ್ಣುವರ್ಧನನು ಮರುವರ್ಷವೇ ಕೀರ್ತಿನಾರಾಯಣ ದೇವಾಲಯವನ್ನು ಕಟ್ಟಿಸಿ, ‘ತಲಕಾಡುಗೊಂಡ’ನೆಂಬ ಬಿರುದನ್ನು ಧರಿಸಿದನು.

ಶ್ರೋತೃಗಳು ಹೋಗುವುದಾದರೆ ಬಿಸಿಲೇರುವ ಮುನ್ನವೇ ಹೋಗುವುದು ಲೇಸು. ಕಾದ ಮರಳಿನ ಮೇಲೆ ಬರಿಗಾಲಿನಲ್ಲಿ ನಡೆಯಲಾಗದು. ನದಿಯಲ್ಲಿ ಸುಳಿಗಳುಂಟು, ಆಳಕ್ಕಿಳಿಯಬಾರದು. ಪಾತಾಳೇಶ್ವರನ ಗುಡಿಗೆ ಮೆಟ್ಟಿಲಿಳಿದೇ ಹೋಗಬೇಕು. ಮರಳು ಎಷ್ಟು ಏರಿತೆಂಬುದನ್ನು ಆ ಮೆಟ್ಟಿಲುಗಳೇ ಹೇಳುವುವು.

ಊರು ಹೂತುಹೋದುದು ಅಲಮೇಲಮ್ಮನ ಶಾಪದಿಂದೆಂದು ಜನರೆನ್ನುವರು; ನದಿಯ ಮರಳನ್ನು ಗಾಳಿ ತಂದು ಒಟ್ಟಿತೆಂದು ವಿದ್ವಾಂಸರೆನ್ನುವರು. ಎರಡನ್ನೂ ಕೇಳಿಬರಬೇಕು. ಊರು ಹೂತ ಬಗೆಯನ್ನು ಗಾಳಿಯು ತಿಳಿಸುವುದು. 1610ರಲ್ಲಿ ಶ್ರೀರಂಗಪಟ್ಟಣವು ಕೈಬದಲಾದಾಗ ಸೋತವರ ಮನೆಯಲ್ಲಿ ಉಳಿದ ಸಂಕಟವನ್ನು ಶಾಪದ ಕಥೆಯೊಂದೇ ನೆನೆದಿಟ್ಟಿದೆ.