ಮಾಳಿಗೆ ಮನೆಯ ಸೋರಿಕೆ

ಚಿತ್ರದುರ್ಗ, ಬಳ್ಳಾರಿ ಸೀಮೆಯ ಹಳೆಯ ಮಣ್ಣಿನ ಮಾಳಿಗೆಗಳಲ್ಲಿ ಮಳೆನೀರು ಒಳಗಿಳಿಯುವುದು, ಅದನ್ನು ತಡೆಯುವ ಬಗೆ. ತೊಲೆ, ಜಂತೆಗಳ ಮೇಲೆ ದಪ್ಪನಾಗಿ ಮಣ್ಣು ಹಾಕಿದ ಚಾವಣಿಗೆ ಮುಂಗಾರಿನ ಮುನ್ನ ಚೌಳು ಮಣ್ಣು ಹರಡುತ್ತಾರೆ. ಅದರಲ್ಲಿನ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸುತ್ತದೆ. ನೆನೆದಾಗ ಅವು ಸಂದುಗಳನ್ನು ಮುಚ್ಚುವುದರಿಂದ ನೀರು ಇಂಗದೆ ಇಳಿಜಾರಿನತ್ತ ಹರಿದುಹೋಗುತ್ತದೆ. ಹೊಲಕ್ಕೆ ಬಾರದ ಮಣ್ಣನ್ನು ಮನೆಗೆ ಒದಗಿಸಿಕೊಂಡ ಈ ತಿಳಿವಳಿಕೆ ನಿಜಕ್ಕೂ ದೊಡ್ಡದು. ಸೋರಿಕೆ ಹೆಚ್ಚಾಗಿ ಗವಾಕ್ಷಿಯ ಅಂಚು, ಇಲಿಬಿಲ, ಹುಲ್ಲು ಬೇರುಬಿಟ್ಟ ಜಾಗಗಳಲ್ಲಿ ಶುರುವಾಗುತ್ತದೆ. ತೊಲೆಯ ತುದಿ ನೆನೆದೇ ಇದ್ದರೆ ಗೆದ್ದಲು ಹತ್ತುತ್ತದೆ. ಆದ್ದರಿಂದ ಗೋಡೆಯಲ್ಲಿ ಕಲೆ ಕಂಡ ಕೂಡಲೇ ಮಣ್ಣು ತುಂಬಿ ತುಳಿದು ಗಟ್ಟಿಮಾಡಬೇಕು. ತಗಡಿನ ಚಾವಣಿಯ ತೊಂದರೆ ಬೇರೆ: ಚಳಿಯ ರಾತ್ರಿ ಉಸಿರು, ಒಲೆಯ ಹಬೆ ತಣ್ಣನೆಯ ತಗಡಿಗೆ ತಾಗಿ ಹನಿಗಟ್ಟಿ ಮಳೆಯಿಲ್ಲದೆಯೂ ತೊಟ್ಟಿಕ್ಕುತ್ತದೆ. ಮೇಲುಗಡೆ ಗಾಳಿಕಿಂಡಿ ಬಿಟ್ಟರೆ ಇದು ಕಡಿಮೆಯಾಗುತ್ತದೆ.